ಓದುಗರ ಪ್ರಶ್ನೆ: ಎಂಜಿನ್ ನಿಂತ ಸ್ಕೈಡೈವಿಂಗ್ ವಿಮಾನ ಹೊಲಕ್ಕೆ ಇಳಿದಾಗ

ಪ್ರಶ್ನೆ: ಸಣ್ಣ ವಿಮಾನಕ್ಕೆ ಇರುವುದೇ ಒಂದು ಎಂಜಿನ್. ಅದು ಆಕಾಶದಲ್ಲಿ ನಿಂತರೆ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲವೇ? ಸ್ಕೈಡೈವಿಂಗ್ ವಿಮಾನದಲ್ಲಿ ಎಲ್ಲರ ಬೆನ್ನಿಗೂ ಪ್ಯಾರಾಚೂಟ್ ಇರುತ್ತದಲ್ಲ, ತಕ್ಷಣ ಜಿಗಿಯಬಾರದೇಕೆ?
— ಪಾಲಿಟೆಕ್ನಿಕ್ ವಿದ್ಯಾರ್ಥಿ, ಬಳ್ಳಾರಿ

ಬೀಳುವುದಿಲ್ಲ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಗಳ ಮೇಲೆ ಹರಿಯುವ ಗಾಳಿ. ಆ ಹರಿವಿಗೆ ಬೇಕಾದ ವೇಗವನ್ನು ಎಂಜಿನ್ ಕೊಡುತ್ತದೆ. ಅದು ನಿಂತ ಕೂಡಲೇ ಪೈಲಟ್ ವಿಮಾನದ ಮೂಗನ್ನು ತುಸು ಕೆಳಕ್ಕೆ ಬಾಗಿಸಿದರೆ ಎತ್ತರ ಕರಗುತ್ತದೆ, ವೇಗ ಉಳಿಯುತ್ತದೆ. ಸ್ಕೈಡೈವಿಂಗ್‌ಗೆ ಹಲವು ಕಡೆ ಬಳಸುವ ಸೆಸ್ನಾ 182 ವಿಮಾನ, ಗಾಳಿ ಇಲ್ಲದಾಗ, ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದಕ್ಕೆ ಸಾಗುತ್ತದೆ. ನೆಲದಿಂದ 10,000 ಅಡಿ ಮೇಲಿದ್ದರೆ ಅದು 27 ಕಿ.ಮೀ. ಆಯಿತು. ಬಳ್ಳಾರಿ ಕೋಟೆಯ ನೆತ್ತಿಯ ಮೇಲೆ ಎಂಜಿನ್ ನಿಂತರೂ ಕುಡಿತಿನಿ ದಾಟಿ ತೋರಣಗಲ್ಲಿನ ಕಡೆಗೆ ಬಹುದೂರ ಹೋಗಬಹುದು. ಆದರೆ ಈ ಲೆಕ್ಕ ಕೂಡಿಬರುವುದು ವೇಗವನ್ನು ಗಂಟೆಗೆ 130-140 ಕಿ.ಮೀ. ಹತ್ತಿರ ಹಿಡಿದಿಟ್ಟಾಗ ಮಾತ್ರ. ಇನ್ನಷ್ಟು ದೂರ ಸಾಗಲಿ ಎಂದು ಮೂಗನ್ನು ಮೇಲೆತ್ತಿದರೆ ವೇಗ ಕುಸಿದು ರೆಕ್ಕೆಗೆ ಗಾಳಿಯ ಹಿಡಿತ ತಪ್ಪುತ್ತದೆ. ಇದನ್ನು ಸ್ಟಾಲ್ ಎನ್ನುತ್ತಾರೆ. ಎಂಜಿನ್ ನಿಂತದ್ದಕ್ಕಿಂತ ಇದು ದೊಡ್ಡ ಅಪಾಯ.

ಇನ್ನು ಜಿಗಿಯುವ ಮಾತು. ಮುಖ್ಯ ಪ್ಯಾರಾಚೂಟ್ ಪೂರ್ತಿ ಅರಳಲು 600ರಿಂದ 1,000 ಅಡಿ ಎತ್ತರ ಬೇಕು. ಒಳಗಿರುವ ನಾಲ್ಕೈದು ಜನ ಒಬ್ಬರ ಹಿಂದೊಬ್ಬರು ಬಾಗಿಲು ದಾಟಬೇಕು; ಅಷ್ಟರಲ್ಲಿ ವಿಮಾನ ಸೆಕೆಂಡಿಗೆ 13 ಅಡಿಯಂತೆ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಸಾಮಾನ್ಯವಾಗಿ 1,000 ಅಡಿಗಿಂತ ಕೆಳಗೆ ಯಾರೂ ಜಿಗಿಯುವುದಿಲ್ಲ, ವಿಮಾನದೊಂದಿಗೇ ಇಳಿಯುತ್ತಾರೆ. 1,000ದಿಂದ 2,000 ಅಡಿಯ ನಡುವೆ ಹೊರಬಿದ್ದವರು ನೇರವಾಗಿ ರಿಸರ್ವ್ ಪ್ಯಾರಾಚೂಟ್ (ತುರ್ತಿಗೆಂದು ಇಟ್ಟ ಎರಡನೆಯದು) ತೆರೆಯುತ್ತಾರೆ, ಏಕೆಂದರೆ ಅದನ್ನು ಬೇಗ ಅರಳುವಂತೆಯೇ ಮಡಚಿರುತ್ತಾರೆ. ಅದಕ್ಕೂ ಸಾಕಷ್ಟು ಮೇಲಿದ್ದರೆ ಮುಖ್ಯ ಪ್ಯಾರಾಚೂಟ್. ಟ್ಯಾಂಡೆಮ್ ಜೋಡಿಗೆ, ಅಂದರೆ ಬೋಧಕರ ಮೈಗೆ ಸಿಕ್ಕಿಸಿಕೊಂಡು ಒಂದೇ ಪ್ಯಾರಾಚೂಟಿನಲ್ಲಿ ಜಿಗಿಯುವ ಅತಿಥಿಗೆ, ಇನ್ನೂ ಹೆಚ್ಚು ಎತ್ತರ ಬೇಕು; ಏರುವಾಗ ಅತಿಥಿಯ ಕೊಕ್ಕೆಗಳನ್ನು ಬೋಧಕರಿಗೆ ಇನ್ನೂ ಸಿಕ್ಕಿಸಿರುವುದೇ ಇಲ್ಲ. ಈ ಅಂಕಿಗಳು ವಿಮಾನ ಮತ್ತು ಕೇಂದ್ರಕ್ಕೆ ತಕ್ಕಂತೆ ಬದಲಾಗುತ್ತವೆ, ಹಾಗಾಗಿ ಹಾರುವ ಮೊದಲೇ ಗಟ್ಟಿಯಾಗಿ ಹೇಳಿರಬೇಕು. ಮೇಲೆ ಹೋದ ಮೇಲೆ ಚರ್ಚೆಗೆ ಸಮಯವಿಲ್ಲ.

ಇನ್ನೊಂದು ಸಂಗತಿ ಹೊರಗಿನವರಿಗೆ ಹೊಳೆಯುವುದಿಲ್ಲ. ಬಾಗಿಲು ಹಿಂಭಾಗದಲ್ಲಿರುವ ವಿಮಾನದಲ್ಲಿ ಗಾಬರಿಯಿಂದ ಎಲ್ಲರೂ ಅಲ್ಲಿಗೆ ನುಗ್ಗಿದರೆ ಭಾರ ಹಿಂದಕ್ಕೆ ಸರಿದು ಮೂಗು ತಾನಾಗಿ ಮೇಲೇಳುತ್ತದೆ. ವೇಗ ಮೊದಲೇ ಕಡಿಮೆ. ಸ್ಟಾಲ್ ಆಗಲು ಅಷ್ಟು ಸಾಕು. ಪೈಲಟ್ ಹೇಳುವವರೆಗೆ ಕೂತಲ್ಲೇ ಕೂರುವುದು ಅಲ್ಲಿ ಎಲ್ಲರ ಜೀವದ ಪ್ರಶ್ನೆ.

ಪ್ರಶ್ನೆ: ಚೆನ್ನಾಗಿ ನಿಗಾ ಮಾಡಿದ ಎಂಜಿನ್ ಕೂಡ ಯಾಕೆ ನಿಲ್ಲುತ್ತದೆ? ಮತ್ತೆ ಚಾಲೂ ಮಾಡಲು ಆಗುವುದಿಲ್ಲವೇ?
— ಟ್ರ್ಯಾಕ್ಟರ್ ಮೆಕ್ಯಾನಿಕ್, ಮಾನ್ವಿ

ನಿಮ್ಮ ಕೈಗೆ ಬರುವ ಎಂಜಿನ್‌ಗಳ ಹಾಗೆಯೇ ಇಲ್ಲೂ ಮೊದಲು ನೋಡಬೇಕಾದದ್ದು ಇಂಧನ. ಹೊರೆ ತಗ್ಗಿಸಲೆಂದು ಸ್ಕೈಡೈವಿಂಗ್ ವಿಮಾನದ ಟ್ಯಾಂಕ್ ತುಂಬಿಸುವುದಿಲ್ಲ. ಒಂದು ಸುತ್ತು ಏರಿ ಇಳಿಯಲು ಸುಮಾರು 25ರಿಂದ 30 ಲೀಟರ್ ಬೇಕು. ದಿನಕ್ಕೆ ಹತ್ತಾರು ಸುತ್ತು ಹಾರುವಾಗ ಒಂದು ಸುತ್ತಿನ ಲೆಕ್ಕ ತಪ್ಪಿದರೂ ಟ್ಯಾಂಕ್ ಬರಿದು. ಇಂಧನ ಕಡಿಮೆ ಇದ್ದಾಗ ಕಡಿದಾಗಿ ಇಳಿದರೆ ಅಥವಾ ವಿಮಾನ ಓರೆಯಾಗಿ ಜಾರಿದರೆ ಉಳಿದದ್ದು ಟ್ಯಾಂಕಿನ ಒಂದು ಮೂಲೆಗೆ ಸರಿಯುತ್ತದೆ. ಪೈಪಿನ ಬಾಯಿಗೆ ಗಾಳಿ ಹೊಕ್ಕು ಎಂಜಿನ್ ಮುಗ್ಗರಿಸುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತೇವ ನೀರಾಗಿ ಕೂರುವುದೂ ಉಂಟು. ಅದಕ್ಕೇ ಪ್ರತಿ ಬೆಳಿಗ್ಗೆ ಮತ್ತು ಪ್ರತಿ ಸಲ ಇಂಧನ ತುಂಬಿದ ಮೇಲೆ ಟ್ಯಾಂಕಿನ ಅಡಿಯಿಂದ ಪಾರದರ್ಶಕ ಬಟ್ಟಲಿಗೆ ಒಂದಿಷ್ಟು ಬಸಿದು ನೋಡುತ್ತಾರೆ. 100 ಎಲ್‌ಎಲ್ ವಿಮಾನ ಪೆಟ್ರೋಲ್ ನೀಲಿ ಬಣ್ಣದ್ದು. ನೀರಿದ್ದರೆ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ನಿಲ್ಲುತ್ತದೆ. ಬಟ್ಟಲೆಲ್ಲ ಬಣ್ಣವಿಲ್ಲದೆ ಇದ್ದರೆ ಅದು ಬರೀ ನೀರೋ, ತಪ್ಪಾಗಿ ತುಂಬಿದ ಜೆಟ್ ಇಂಧನವೋ ಇರಬಹುದು. ಆ ವಿಮಾನ ಅಂದು ಹಾರಬಾರದು.

ಎರಡನೆಯದು ಕಾರ್ಬುರೇಟರ್ ಮಂಜು, ಅಂದರೆ ಗಾಳಿ ಮತ್ತು ಪೆಟ್ರೋಲ್ ಬೆರೆಯುವ ಭಾಗದೊಳಗೆ ಕಟ್ಟುವ ಮಂಜುಗಡ್ಡೆ. ಪೆಟ್ರೋಲ್ ಆವಿಯಾಗುವಾಗ, ಗಾಳಿ ಕಿರಿದಾದ ಕಂಠದಲ್ಲಿ ನುಗ್ಗುವಾಗ ಒಳಗಿನ ಉಷ್ಣತೆ 20 ಡಿಗ್ರಿಗೂ ಹೆಚ್ಚು ಇಳಿಯಬಲ್ಲದು. ನಮ್ಮ ಏಪ್ರಿಲ್-ಮೇ ಬಿಸಿಲಿನ ಒಣಗಾಳಿಯಲ್ಲಿ ನೆಲದ ಹತ್ತಿರ ಇದರ ಭಯ ಕಡಿಮೆ. ಆಗಸ್ಟ್-ಸೆಪ್ಟೆಂಬರ್‌ನ ಮೋಡ ಕವಿದ, ತೇವದ 25 ಡಿಗ್ರಿ ದಿನವೇ ಅಪಾಯಕಾರಿ. ಜಿಗಿಯುವವರನ್ನು ಬಿಟ್ಟು ಪೈಲಟ್ ಥ್ರಾಟಲ್ ತಗ್ಗಿಸಿ ಇಳಿಯುವಾಗ ಮಂಜು ಸದ್ದಿಲ್ಲದೆ ಕಟ್ಟಿಕೊಂಡು, ಕೆಳಗೆ ಬಂದು ಥ್ರಾಟಲ್ ಒತ್ತಿದಾಗ ಎಂಜಿನ್ ಏಳುವುದೇ ಇಲ್ಲ. ಥ್ರಾಟಲ್ ತಗ್ಗಿಸುವ ಮೊದಲೇ ಕಾರ್ಬ್ ಹೀಟ್ ಎಳೆಯಬೇಕು. ಬಿಸಿಗಾಳಿ ಒಳಹೊಕ್ಕು ಮಂಜು ಕರಗಿ ನೀರಾಗಿ ಸಿಲಿಂಡರಿಗೆ ಹೋಗುವಾಗ ಎಂಜಿನ್ ಇನ್ನಷ್ಟು ಒರಟಾಗಿ ಓಡುತ್ತದೆ. ಹೆದರಿ ಹೀಟ್ ಮುಚ್ಚುವುದೇ ತಪ್ಪು. ಇಂಧನವನ್ನು ನೇರ ಚಿಮ್ಮಿಸುವ ಎಂಜಿನ್‌ಗಳಲ್ಲಿ ಕಾರ್ಬುರೇಟರೇ ಇಲ್ಲದ್ದರಿಂದ ಈ ಕಾಟವಿಲ್ಲ.

ಮತ್ತೆ ಚಾಲೂ ಮಾಡುವುದು ಖಂಡಿತ ಸಾಧ್ಯ, ಎತ್ತರ ಇದ್ದರೆ. ಮೊದಲು ಇಳಿಯುವ ವೇಗ ಹಿಡಿಯಬೇಕು, ಆಮೇಲೆ ಹೊಲ ಆರಿಸಿ ಅತ್ತ ತಿರುಗಬೇಕು, ಅದಾದ ಮೇಲೆಯೇ ಕೈ ಗುಂಡಿಗಳ ಮೇಲೆ: ಕಾರ್ಬ್ ಹೀಟ್ ಪೂರ್ತಿ, ಇಂಧನದ ಕೀಲಿ ಎರಡೂ ಟ್ಯಾಂಕಿಗೆ, ಮಿಕ್ಸ್ಚರ್ ರಿಚ್ (ಗಾಳಿಯೊಡನೆ ಬೆರೆಯುವ ಇಂಧನದ ಪಾಲು ಹೆಚ್ಚು), ಕಿಡಿ ಕೊಡುವ ಮ್ಯಾಗ್ನೆಟೊ ಎರಡೂ, ಪ್ರೈಮರ್ (ಚಾಲೂ ಮಾಡುವಾಗ ಇಂಧನ ಊಡುವ ಕೈಪಂಪು) ಒಳಗೆ ಬಿಗಿಯಾಗಿದೆಯೇ ಎಂದು ನೋಡುವುದು. ಮೂಗಿನ ಫ್ಯಾನ್ (ಪ್ರೊಪೆಲ್ಲರ್) ಗಾಳಿಗೆ ತಿರುಗುತ್ತಿದ್ದರೆ ಸ್ಟಾರ್ಟರ್ ಕೂಡ ಬೇಡ. ಮ್ಯಾಗ್ನೆಟೊ ತಾನೇ ಕಿಡಿ ಹುಟ್ಟಿಸುವುದರಿಂದ ಬ್ಯಾಟರಿ ಸತ್ತರೂ ಎಂಜಿನ್ ನಿಲ್ಲುವುದಿಲ್ಲ. ಕ್ರ್ಯಾಂಕ್‌ಶಾಫ್ಟ್ ಅಥವಾ ಕನೆಕ್ಟಿಂಗ್ ರಾಡ್ ಮುರಿದಿದ್ದರೆ ಪ್ರಯತ್ನವೇ ವ್ಯರ್ಥ. ಪೂರ್ತಿ ನಿಂತ ಎಂಜಿನ್‌ಗಿಂತ ಅರೆಬರೆ ಓಡುವ ಎಂಜಿನ್ ಹೆಚ್ಚು ಮೋಸ ಮಾಡುತ್ತದೆ. ಅದನ್ನು ನಂಬಿ ಒಳ್ಳೆಯ ಹೊಲವೊಂದನ್ನು ದಾಟಿ ಹೋದಮೇಲೆ ಅದು ಕೈಕೊಡುತ್ತದೆ.

ಪ್ರಶ್ನೆ: ಏರುತ್ತಿರುವಾಗಲೇ ನಿಂತರೆ ರನ್‌ವೇಗೆ ಯಾಕೆ ಹಿಂತಿರುಗಬಾರದು?
— ಶಿಕ್ಷಕಿ, ಕುಷ್ಟಗಿ

ಹಿಂದಕ್ಕೆ ತಿರುಗಿದರೆ ರನ್‌ವೇ ಸಿಗುವುದಿಲ್ಲ, ಅದರ ಪಕ್ಕದ ಗೆರೆ ಸಿಗುತ್ತದೆ. ಮತ್ತೆ ಒಳಕ್ಕೆ ತಿರುಗಿ ಸರಿಹೊಂದಿಸಬೇಕು, ಒಟ್ಟು ತಿರುವು 180 ಡಿಗ್ರಿ ದಾಟುತ್ತದೆ. ಹಾಗೆ ಓರೆಯಾಗಿ ತಿರುಗುವಾಗ ಸ್ಟಾಲ್ ಆಗುವ ವೇಗವೂ ಏರುತ್ತದೆ: 45 ಡಿಗ್ರಿ ಓರೆಯಲ್ಲಿ ಸುಮಾರು 19 ಪ್ರತಿಶತ, 60 ಡಿಗ್ರಿಯಲ್ಲಿ 41 ಪ್ರತಿಶತ ಹೆಚ್ಚು. ಕೆಳಮಟ್ಟದಲ್ಲಿ ಇದಕ್ಕೆ ಎತ್ತರ ಸಾಲದು. ಮುಂದಿರುವ ಜಾಗದಲ್ಲೇ, ತುಸು ಎಡಕ್ಕೋ ಬಲಕ್ಕೋ ಸರಿದು ಇಳಿಯಬೇಕು.

ಪ್ರಶ್ನೆ: ನಮ್ಮ ಕಡೆ ಎಲ್ಲಿ ನೋಡಿದರೂ ಬಯಲು. ಕೆನಾಲ್ ರಸ್ತೆ, ಹೈವೇ, ನೆಲ್ಲಿನ ಗದ್ದೆ, ತುಂಗಭದ್ರೆಯ ಹಿನ್ನೀರು: ಇಳಿಯಲು ಯಾವುದು ಒಳ್ಳೆಯದು?
— ಓದುಗರು, ಕಾರಟಗಿ

ಮೇಲಿಂದ ಬಯಲಾಗಿ ಕಾಣುವ ನಮ್ಮ ನೆಲದಲ್ಲಿ ದೊಡ್ಡ ಶತ್ರು ವಿದ್ಯುತ್ ತಂತಿ. ಶಕ್ತಿನಗರ ಮತ್ತು ಕುಡಿತಿನಿಯ ಶಾಖೋತ್ಪನ್ನ ಕೇಂದ್ರಗಳಿಂದ ಹೈಟೆನ್ಷನ್ ಲೈನ್‌ಗಳು ಹೊಲಗಳ ಮೇಲೆ ಹಾದುಹೋಗಿವೆ. ತಂತಿ ಕೊನೆಯ ಗಳಿಗೆಯವರೆಗೂ ಕಾಣುವುದಿಲ್ಲ, ಆದ್ದರಿಂದ ಗೋಪುರ ಮತ್ತು ಕಂಬಗಳನ್ನು ಹುಡುಕಬೇಕು. ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಎಂದೇ ತಿಳಿಯಬೇಕು. ಕೆನಾಲ್ ರಸ್ತೆ, ಹೈವೇಗಳ ತೊಂದರೆಯೂ ಇದೇ. ಜೊತೆಗೆ ಲಾರಿ, ಬೈಕು, ಜನ. ಕೆಳಗಿನವರ ಜೀವದ ಮೇಲೆ ಇಳಿಯುವ ಹಕ್ಕು ಯಾರಿಗೂ ಇಲ್ಲ.

ನೀರು ನಿಂತ ನಾಟಿ ಗದ್ದೆಯಲ್ಲಿ ಮುಂಗಾಲಿ ಹೂತು ವಿಮಾನ ಪಲ್ಟಿಯಾಗುವ ಸಾಧ್ಯತೆ ಹೆಚ್ಚು. ಹಿನ್ನೀರಿನಲ್ಲೂ ಹಾಗೆಯೇ, ಅಲ್ಲಿ ಮುಳುಗುವ ಭಯ ಬೇರೆ. ಕಟಾವು ಮುಗಿದು ಒಣಗಿದ ಕೂಳೆ ಗದ್ದೆ ಪರವಾಗಿಲ್ಲ, ಬದುಗಳಿಗೆ ಅಡ್ಡವಾಗಿ ಅಲ್ಲ, ಉದ್ದಕ್ಕೆ ಇಳಿಯಬೇಕು. ಬೇಸಿಗೆಯ ಎರೆ ಹೊಲ ಗಟ್ಟಿ. ಮಳೆ ಬಿದ್ದ ಎರೆ ಹೊಲ ಅಂಟು. ಆನೆಗೊಂದಿ ಸುತ್ತಿನ ಬಂಡೆಗಳ ಸೀಮೆಯಲ್ಲಿ ಎತ್ತರ ಇರುವಾಗಲೇ ಬಯಲಿನ ಕಡೆಗೆ ತಿರುಗುವುದು ಲೇಸು. ತೆನೆಗಟ್ಟಿದ ಎತ್ತರದ ಜೋಳ ಬೇರೆ ದಾರಿ ಇಲ್ಲದಾಗ ವೇಗವನ್ನು ಹೀರಿಕೊಳ್ಳುತ್ತದೆ.

ಹೊಲಕ್ಕಿಂತ ಮುಖ್ಯ ಗಾಳಿಯ ದಿಕ್ಕು. ನೆಲ ಮುಟ್ಟುವ ವೇಗ ಗಂಟೆಗೆ 90 ಕಿ.ಮೀ., ಗಾಳಿ 25 ಎಂದಿಟ್ಟುಕೊಳ್ಳಿ. ಗಾಳಿಗೆ ಎದುರಾದರೆ ನೆಲದ ಮೇಲೆ 65, ಗಾಳಿಯ ಜೊತೆಗಾದರೆ 115. ಡಿಕ್ಕಿಯ ಶಕ್ತಿ ಮೂರು ಪಟ್ಟು ದಾಟುತ್ತದೆ. ಹೊಗೆ ಬಾಗುವ ಕಡೆ, ಕೆರೆಯ ಅಲೆ, ಬೆಳೆ ತೂಗುವ ರೀತಿ ನೋಡಿ ದಿಕ್ಕು ತಿಳಿಯಬೇಕು.

ಕೊನೆಯ ಹಂತದಲ್ಲಿ ಮಿಕ್ಸ್ಚರ್ ಎಳೆದು, ಇಂಧನದ ಕೀಲಿ ಮತ್ತು ಮ್ಯಾಗ್ನೆಟೊ ಮುಚ್ಚುತ್ತಾರೆ. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಇಳಿಸುವ ಪಟ್ಟಿ) ವಿದ್ಯುತ್ತಿನಿಂದ ಇಳಿಯುವ ವಿಮಾನವಾದರೆ ಮಾಸ್ಟರ್ ಸ್ವಿಚ್ಚನ್ನು ಎಲ್ಲಕ್ಕಿಂತ ಕೊನೆಗೆ ಆರಿಸುತ್ತಾರೆ. ಚೌಕಟ್ಟು ಸೊಟ್ಟಗಾಗಿ ಬಾಗಿಲು ಸಿಕ್ಕಿಕೊಳ್ಳದಂತೆ ಚಿಲಕವನ್ನು ಮೊದಲೇ ತೆಗೆಯುತ್ತಾರೆ; ಆಗ ಒಳಗಿನವರು ಪ್ಯಾರಾಚೂಟಿನ ಹಿಡಿಗಳನ್ನು ಕೈಯಿಂದ ಮುಚ್ಚಿಕೊಳ್ಳಬೇಕು. ಒಂದು ಬಟ್ಟೆ ಹೊರಬಿದ್ದು ಅರಳಿದರೆ ಬಾಲಕ್ಕೆ ಸುತ್ತಿಕೊಳ್ಳುತ್ತದೆ.

ಪ್ರಶ್ನೆ: ಅಂಥ ವಿಮಾನ ನಮ್ಮ ಹೊಲದಲ್ಲೇ ಇಳಿದರೆ ನಾವೇನು ಮಾಡಬೇಕು?
— ರೈತರು, ಸಿಂಧನೂರು

ಇದು ದೂರದ ಮಾತಲ್ಲ. 2023ರ ಮೇ ತಿಂಗಳಲ್ಲಿ ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನ ಹೊನ್ನಿಹಾಳ ಬಳಿ ಹೊಲಕ್ಕೆ ಇಳಿದಿತ್ತು. ಮೊದಲು 112ಕ್ಕೆ ಫೋನ್ ಮಾಡಿ, ಊರು, ಹತ್ತಿರದ ಕ್ಯಾಂಪ್, ಗಾಡಿ ಬರುವ ದಾರಿ ಹೇಳಿ. ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ. ಪೆಟ್ರೋಲ್ ರೆಕ್ಕೆಗಳಲ್ಲೇ ಇರುತ್ತದೆ. ತಂತಿ ಹರಿದು ಬಿದ್ದಿದ್ದರೆ ಲೈನ್ ಬಂದ್ ಆಗಿದೆ ಎಂದು ಖಾತ್ರಿಯಾಗುವವರೆಗೆ ಹತ್ತಿರ ಹೋಗಬೇಡಿ. ಗಾಳಿ ಬೀಸಿ ಬರುವ ಕಡೆಯಿಂದ, ರೆಕ್ಕೆಯ ಹಿಂದಿನಿಂದ ಹೋಗಿ. ಮುಂದಿನ ಫ್ಯಾನ್ ನಿಂತಿದ್ದರೂ ಮುಟ್ಟಬಾರದು: ಸ್ವಿಚ್ಚಿನ ತಂತಿ ಕಿತ್ತಿದ್ದರೆ ಮ್ಯಾಗ್ನೆಟೊ ಜೀವಂತವಾಗಿದ್ದು ಕೈ ತಾಗಿದ ಮಾತ್ರಕ್ಕೆ ಒದೆಯಬಹುದು.

ಬೆಂಕಿ, ಹೊಗೆ ಇಲ್ಲದಿದ್ದರೆ ಗಾಯಾಳುಗಳನ್ನು ಎಳೆದಾಡಬೇಡಿ, ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ಬೆಂಕಿ ಕಂಡರೆ ಕಾಯಬೇಡಿ, ಹೊರಗೆಳೆಯಿರಿ. ಜಿಗಿಯುವವರು ವಿಮಾನದೊಳಗೆ ನೆಲದಲ್ಲೇ ಕೂತು ಬೆಲ್ಟನ್ನು ಬೆನ್ನಿನ ಪಟ್ಟಿಗಳಿಗೆ ಸಿಕ್ಕಿಸಿರುತ್ತಾರೆ. ಅದು ಬಿಚ್ಚದಿದ್ದರೆ ಕುಡುಗೋಲಿನಿಂದ ಬೆಲ್ಟನ್ನೇ ಕೊಯ್ಯಿರಿ. ಎದೆಯ ಮೇಲಿನ ಹಿಡಿಗಳನ್ನು ಎಳೆಯಬೇಡಿ, ರಿಸರ್ವ್ ಚಿಮ್ಮಿ ಬರುತ್ತದೆ. ಮೈಗೆ ತಾಗಿದ ನೀಲಿ ಪೆಟ್ರೋಲಿನಲ್ಲಿ ಸೀಸವಿದೆ, ಸೋಪು ಹಾಕಿ ತೊಳೆಯಿರಿ. ದನಕರು ಆ ಕಡೆ ಮೇಯದಿರಲಿ.

ಜನರನ್ನು ಉಳಿಸಲು ಬೇಕಾದಷ್ಟು ಬಿಟ್ಟು ಯಾವ ತುಂಡನ್ನೂ ಕದಲಿಸಬೇಡಿ. ತನಿಖೆಗೆ ಬರುವವರಿಗೆ ಗಾಲಿಯ ಗೆರೆ, ಸ್ವಿಚ್ಚುಗಳ ಸ್ಥಾನ, ಟ್ಯಾಂಕಿನಲ್ಲಿ ಉಳಿದ ಇಂಧನ, ಇವೇ ಸಾಕ್ಷಿ. ಬೆಳೆ ಹಾಳಾಗಿದ್ದರೆ, ನೋಡಲು ಬಂದ ಜನರ ತುಳಿತವೂ ಸೇರಿ, ಅಂದೇ ಫೋಟೋ ತೆಗೆದು, ಪಹಣಿ ಹಿಡಿದು ಗ್ರಾಮ ಆಡಳಿತಾಧಿಕಾರಿಯ ಎದುರು ಪಂಚನಾಮೆ ಮಾಡಿಸಿಕೊಳ್ಳಿ.

ಪ್ರಶ್ನೆ: ಮಗಳು ಟ್ಯಾಂಡೆಮ್ ಜಿಗಿತಕ್ಕೆ ಹೆಸರು ಕೊಟ್ಟಿದ್ದಾಳೆ. ಹೋಗುವ ಮೊದಲು ಏನು ಕೇಳಬೇಕು?
— ತಾಯಿ, ಕೊಪ್ಪಳ

ಮೂರು ಮಾತು ಕೇಳಲಿ. ಎಂಜಿನ್ ನಿಂತರೆ ಯಾವ ಎತ್ತರದಲ್ಲಿ ಏನು ಮಾಡುತ್ತೀರಿ? ಕನಿಷ್ಠ 1,500 ಅಡಿಯವರೆಗೆ ಬೆಲ್ಟ್ ಹಾಕಿರುತ್ತೀರಾ? ಈ ಸುತ್ತಿಗೆ ಟ್ಯಾಂಕಿನಲ್ಲಿ ಎಷ್ಟು ಇಂಧನ ಇದೆ, ಅಳೆದವರು ಯಾರು? ತಡವರಿಸದೆ ಉತ್ತರ ಬರಬೇಕು. "ಅದೆಲ್ಲ ಆಗುವುದಿಲ್ಲ ಬಿಡಿ" ಎಂದರೆ ಹಣ ಹೋದರೂ ಸರಿ, ವಾಪಸ್ ಬರಲಿ.