ಐಟಿ ಲಾಬಿ ಮತ್ತು ತೆರಿಗೆ: ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ಸಂಬಳದವರು ನಾವು ಒಂದು ಪೈಸೆ ಬಿಡದೆ ತೆರಿಗೆ ಕಟ್ಟುತ್ತೇವೆ. ಐಟಿ ಕಂಪನಿಗಳು ದೆಹಲಿಯಲ್ಲಿ ಲಾಬಿ ಮಾಡಿ ತೆರಿಗೆಯನ್ನೇ ಕಟ್ಟುವುದಿಲ್ಲವಂತೆ, ನಿಜವಾ?

ಇದನ್ನು ಕೇಳಿದವರಲ್ಲಿ ನೀವು ಎಷ್ಟನೆಯವರೋ, ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ. ನೀವು ಹೇಳುವ ಕಾಲ ಮುಗಿದು ಬಹಳ ದಿನವಾಯಿತು. ಸಾಫ್ಟ್‌ವೇರ್ ರಫ್ತಿನ ಲಾಭಕ್ಕೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10ಎ, 10ಬಿ ಕೊಡುತ್ತಿದ್ದ ವಿನಾಯಿತಿ 2011ರ ಮಾರ್ಚ್ 31ಕ್ಕೇ ನಿಂತುಹೋಗಿದೆ. (ಹಳೇ ಕಾಯ್ದೆಯ ನಂಬರ್ ಹೇಳುತ್ತಿದ್ದೇನೆ. 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆ, ಹೊಸ ನಂಬರ್.)

ಲಾಬಿ ನಡೆದೇ ಇಲ್ಲ ಅಂತಲ್ಲ. ಈ ವಿನಾಯಿತಿಯ ಗಡುವು ಮೊದಲು 2009ಕ್ಕಿತ್ತು. 2008ರಲ್ಲಿ ಒಂದು ವರ್ಷ ಮುಂದೆ ಹೋಯಿತು, 2009ರಲ್ಲಿ ಇನ್ನೊಂದು ವರ್ಷ. ಐಟಿ ಕಂಪನಿಗಳ ಸಂಘ ನಾಸ್ಕಾಂ ಕೇಳುತ್ತಿತ್ತು, ಆಗ ಜಗತ್ತಿನ ಆರ್ಥಿಕ ಕುಸಿತವೂ ಜತೆಗೂಡಿತು, ಸಿಕ್ಕಿತು. ಆದರೆ 2007ರಲ್ಲೇ ಇದೇ ಲಾಭಕ್ಕೆ ಮ್ಯಾಟ್, ಅಂದರೆ ವಿನಾಯಿತಿ ಇದ್ದರೂ ಕಟ್ಟಲೇಬೇಕಾದ ಕನಿಷ್ಠ ಪರ್ಯಾಯ ತೆರಿಗೆ, ಬಿದ್ದಿತ್ತು ಅನ್ನುವುದನ್ನು ಯಾರೂ ಹೇಳುವುದಿಲ್ಲ. 2011ರಲ್ಲಿ ಎಸ್‌ಇಝೆಡ್ (ವಿಶೇಷ ಆರ್ಥಿಕ ವಲಯ) ಘಟಕಗಳಿಗೂ ಬಿತ್ತು. ಎಸ್‌ಇಝೆಡ್ ವಿನಾಯಿತಿಯ ಬಾಗಿಲು ಹೊಸ ಘಟಕಗಳಿಗೆ 2020ರಲ್ಲಿ ಮುಚ್ಚಿದೆ. ಹಳಬರಿಗೆ 15 ವರ್ಷದ ಲೆಕ್ಕ ಇನ್ನೂ ಓಡುತ್ತಿದೆ, ಅದೂ ಮೊದಲ 5 ವರ್ಷ ಮಾತ್ರ ಪೂರ್ತಿ, ಆಮೇಲೆ ಹೆಚ್ಚೆಂದರೆ ಅರ್ಧ.

ಲಾಬಿಗೆ ನಿಜವಾಗಿ ಫಲ ಸಿಗುವುದು ಬಜೆಟ್ ಭಾಷಣದಲ್ಲಲ್ಲ, ಸುತ್ತೋಲೆಗಳಲ್ಲಿ. ಟಿವಿಯವರು ಅದನ್ನು ಓದುವುದಿಲ್ಲ ಬಿಡಿ. ನಮ್ಮ ಎಂಜಿನಿಯರ್ ವಿದೇಶದಲ್ಲಿ ಗ್ರಾಹಕರ ಕಚೇರಿಯಲ್ಲೇ ಕೂತು ಕೋಡ್ ಬರೆದರೆ ಆ ಲಾಭವೂ ರಫ್ತಿನ ಲಾಭವೇ ಎಂದು ಕಾಯ್ದೆಯಲ್ಲೇ ಇತ್ತು. ಆದರೂ ತೆರಿಗೆ ಲೆಕ್ಕ ಹಾಕುವ ಅಸೆಸಿಂಗ್ ಆಫೀಸರ್‌ಗಳು ಅದನ್ನು ಆಳು ಕಳಿಸುವ ವ್ಯವಹಾರ ಎಂದು ವಿನಾಯಿತಿ ತೆಗೆದುಹಾಕುತ್ತಿದ್ದರು. ಉದ್ಯಮ ಗಲಾಟೆ ಮಾಡಿತು, 2012ರಲ್ಲಿ ರಂಗಾಚಾರಿ ಸಮಿತಿ ಕೂತಿತು, 2013ರ ಜನವರಿಯಲ್ಲಿ ಸಿಬಿಡಿಟಿಯ (ಕೇಂದ್ರ ನೇರ ತೆರಿಗೆ ಮಂಡಳಿ) ಸುತ್ತೋಲೆ 1 ಬಂತು, ಅದೂ ರಫ್ತಿನ ಲಾಭವೇ ಎಂದು ಸ್ಪಷ್ಟಪಡಿಸಿತು. ಕಾಯ್ದೆಯ ಒಂದಕ್ಷರ ಬದಲಾಗದೆ ದೊಡ್ಡ ಕೆಲಸ ಆಯಿತು. ಆದರೆ ಅದೇ ಸುತ್ತೋಲೆ ಆ ಕೆಲಸಕ್ಕೂ ಭಾರತದ ಘಟಕಕ್ಕೂ ನೇರ ಸಂಬಂಧ ಇರಬೇಕು ಎಂದಿತು, ಅದನ್ನು ತೋರಿಸುವ ಕಾಗದ ನನ್ನ ಒಬ್ಬ ಕ್ಲೈಂಟ್ ಬಳಿ ಇರಲಿಲ್ಲ, ಸುತ್ತೋಲೆಯ ಪ್ರತಿ ಮಾತ್ರ ಚೆನ್ನಾಗಿ ಲ್ಯಾಮಿನೇಟ್ ಮಾಡಿಸಿಟ್ಟಿದ್ದರು. ಅಂದಿನಿಂದ ನಾನು ಮೊದಲು ಒಪ್ಪಂದ ಪತ್ರ ಕೇಳುತ್ತೇನೆ, ಸುತ್ತೋಲೆ ಆಮೇಲೆ.

ಬೈಯಲೇಬೇಕು ಅಂದರೆ ಇದಕ್ಕೆ ಬೈಯಿರಿ: ನಮ್ಮಲ್ಲಿ ಲಾಬಿಗೇ ಅಂತ ಒಂದು ಕಾಯ್ದೆಯಿಲ್ಲ. ಯಾರು ಯಾವ ಅಧಿಕಾರಿಯನ್ನು ಯಾವ ಸೆಕ್ಷನ್‌ಗಾಗಿ ಭೇಟಿಯಾದರು ಅಂತ ಬರೆದಿಡುವ ಪುಸ್ತಕವೂ ಇಲ್ಲ. ಬಜೆಟ್‌ಗೆ ಮುಂಚೆ ಮನವಿ ಕೊಡುವುದು ತಪ್ಪಲ್ಲ, ಎಲ್ಲ ಉದ್ಯಮದವರೂ ಕೊಡುತ್ತಾರೆ.

ಪ್ರಶ್ನೆ: 2019ರ 22% ಕಂಪನಿ ತೆರಿಗೆ ದರ ಐಟಿಯವರಿಗಾಗಿಯೇ ತಂದದ್ದಲ್ವಾ?

ಅಲ್ಲ. ಎಲ್ಲ ದೇಶೀ ಕಂಪನಿಗಳಿಗೂ ಇದೆ, ತಗೊಂಡರೆ ಎಸ್‌ಇಝೆಡ್ ವಿನಾಯಿತಿ ಬಿಡಬೇಕು.

ಪ್ರಶ್ನೆ: ವಿದೇಶಿ ಸಾಫ್ಟ್‌ವೇರ್ ಖರೀದಿಯ ದುಡ್ಡು ರಾಯಲ್ಟಿ ಅಲ್ಲ ಅಂತಾಗಿದ್ದು ಲಾಬಿಯಿಂದಲಾ?

ಸುಪ್ರೀಂ ಕೋರ್ಟಿನಿಂದ, 2021ರ ಮಾರ್ಚ್ 2ರಂದು. (ರಾಯಲ್ಟಿ ಅಂದರೆ ಆ ದುಡ್ಡಿಗೆ ಇಲ್ಲಿ ತೆರಿಗೆ ಬೀಳುತ್ತದೆ, ಅದಕ್ಕೇ ಜಗಳ.) ಸರ್ಕಾರ 2012ರಲ್ಲಿ ಅದು ರಾಯಲ್ಟಿಯೇ ಎಂದು, ಹಿಂದಿನ ವರ್ಷಗಳಿಗೂ ಅನ್ವಯವಾಗುವ ಉಲ್ಟಾ ತಿದ್ದುಪಡಿಯನ್ನೇ ತಂದಿತ್ತು!

ಪ್ರಶ್ನೆ: ಷೇರಿಗೆ ಹೆಚ್ಚು ಬೆಲೆ ಪಡೆದ ಕಂಪನಿಗಳ ಮೇಲೆ ಬೀಳುತ್ತಿದ್ದ ಏಂಜೆಲ್ ಟ್ಯಾಕ್ಸ್ ಹೋಯಿತಲ್ಲ, ಇನ್ನು ಷೇರು ಹಣದ ಮೂಲ ಯಾರೂ ಕೇಳಲ್ಲ ಅಲ್ವಾ?

ಕೇಳುತ್ತಾರೆ. ಮೂಲ ತೋರಿಸಲಾಗದ ಹಣವನ್ನು ಆದಾಯ ಎಂದೇ ಎಣಿಸುವ (ಹಳೇ ನಂಬರ್) ಸೆಕ್ಷನ್ 68ರ ನಿಯಮ ಎಲ್ಲಿಗೂ ಹೋಗಿಲ್ಲ.

ಪ್ರಶ್ನೆ: ನಮ್ಮ ಸ್ಟಾರ್ಟಪ್ ಇನ್ನೂ ನಷ್ಟದಲ್ಲಿದೆ. ಒಬ್ಬ ಸಲಹೆಗಾರರು ದೆಹಲಿಯಲ್ಲಿ ಪರಿಚಯ ಇದೆ, ಸ್ಟಾರ್ಟಪ್ ಲಾಭಕ್ಕಿರುವ 80-ಐಎಸಿ ವಿನಾಯಿತಿ ಮಾಡಿಸಿಕೊಡ್ತೇನೆ ಅಂತ ಅಡ್ವಾನ್ಸ್ ತಗೊಂಡಿದ್ದಾರೆ. ನಂಬಬಹುದಾ?

ಸ್ಟಾರ್ಟಪ್ ಮಾನ್ಯತೆಗೆ ಸರ್ಕಾರ ಶುಲ್ಕ ಕೇಳುವುದಿಲ್ಲ. ಅದರ ಮೇಲೆ ಅಂತರ ಸಚಿವಾಲಯ ಮಂಡಳಿಯ ಸರ್ಟಿಫಿಕೇಟ್ ಬೇಕು, ಅದಕ್ಕೆ ನೀವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಈ 'ಪರಿಚಯ'ದ ವ್ಯಾಪಾರ ಲಾಬಿಯೂ ಅಲ್ಲ, ಸುಮ್ನೆ ಟೋಪಿ. ವಿನಾಯಿತಿ ಮೊದಲ 10 ವರ್ಷದಲ್ಲಿ ನೀವು ಆರಿಸಿಕೊಂಡ ಸತತ 3 ವರ್ಷದ ಲಾಭಕ್ಕೆ. ಲಾಭವೇ ಇಲ್ಲದ ಮೇಲೆ ಈಗ ಯಾವುದಕ್ಕೆ ವಿನಾಯಿತಿ ಸ್ವಾಮಿ? ಅಡ್ವಾನ್ಸ್ ವಾಪಸ್ ಕೇಳಿ, ಇವತ್ತೇ.