ಲ್ಯಾಪ್‌ಟಾಪ್‌ನಲ್ಲಿ ಬರುವ ಕ್ಯಾಮೆರಾ ಸರ್ವರ್‌ನಲ್ಲಿ ಯಾಕೆ ಬರಲ್ಲ?

ಪ್ರಶ್ನೆ: ಲೈವ್ ಕಾರ್ಯಕ್ರಮ ನಡೆಸಲು ವೆಬ್ ಆ್ಯಪ್ ಮಾಡಿದ್ದೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ. ಸರ್ವರ್‌ಗೆ ಹಾಕಿದರೆ ಕ್ಯಾಮೆರಾ ಆನ್ ಆಗುವುದೇ ಇಲ್ಲ. ಮಾತಾಡುವವರು ನಾಲ್ವರು, ನೋಡುವವರು 500 ಜನ. ಏನು ಮಾಡಲಿ?

ಉತ್ತರ: ನಿಮ್ಮ ವಿಳಾಸ ಎಚ್‌ಟಿಟಿಪಿಯಲ್ಲೇ ಇದೆ, ಅಲ್ವಾ? ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಇಲ್ಲದಿದ್ದರೆ ಬ್ರೌಸರ್ ಕ್ಯಾಮೆರಾ, ಮೈಕ್ ಕೊಡುವುದಿಲ್ಲ. ಲೋಕಲ್‌ಹೋಸ್ಟ್‌ಗೆ, ಅಂದರೆ ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಓಡುವ ಆ್ಯಪ್‌ಗೆ ಮಾತ್ರ ವಿನಾಯಿತಿ. ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಹಾಕಿಕೊಳ್ಳಿ.

ಆದರೆ ನಿಮ್ಮ ನಿಜವಾದ ತಲೆನೋವು ಆ 500 ಜನ. ವೆಬ್‌ಆರ್‌ಟಿಸಿಯಲ್ಲಿ (ಬ್ರೌಸರ್‌ಗಳ ನಡುವೆ ಲೈವ್ ವಿಡಿಯೊ ಕಳಿಸುವ ತಂತ್ರ) ಎಲ್ಲರನ್ನೂ ನೇರವಾಗಿ ಜೋಡಿಸಿದರೆ ಮಾತಾಡುವ ಪ್ರತಿಯೊಬ್ಬರೂ ತಮ್ಮ ವಿಡಿಯೊವನ್ನು 503 ಸಲ ಕಳಿಸಬೇಕು. ಯಾವ ಮನೆಯ ಇಂಟರ್ನೆಟ್ ತಡೆದೀತು! ನಾಲ್ವರನ್ನು ಎಸ್‌ಎಫ್‌ಯು ಸರ್ವರ್ ಮೂಲಕ ಕೂಡಿಸಿ. ಪ್ರತಿಯೊಬ್ಬರೂ ವಿಡಿಯೊವನ್ನು ಅದಕ್ಕೆ ಒಂದೇ ಸಲ ಕಳಿಸಿದರೆ ಸಾಕು, ಉಳಿದವರಿಗೆ ಅದೇ ಹಂಚುತ್ತದೆ. ಜಿಟ್ಸಿ ಎಂಬ ವಿಡಿಯೊ ಮೀಟಿಂಗ್ ಸಾಫ್ಟ್‌ವೇರ್ ಇದನ್ನೇ ಮಾಡುತ್ತದೆ, ಉಚಿತವೂ ಹೌದು. ನೋಡುಗರಿಗೆ ಎಚ್‌ಎಲ್‌ಎಸ್ ಸಾಕು. ಅದು ವಿಡಿಯೊವನ್ನು ತುಂಡು ತುಂಡಾಗಿ ಕಳಿಸುತ್ತದೆ. ಪ್ಲೇಯರ್ ಕೆಲವು ತುಂಡು ಕೂಡಿಟ್ಟುಕೊಂಡೇ ತೋರಿಸುವುದರಿಂದ, ತುಂಡು 6 ಸೆಕೆಂಡಿನದಾದರೆ ಸುಮಾರು 20 ಸೆಕೆಂಡ್ ತಡ. ನಿರೂಪಕರಿಗೆ ಇದನ್ನು ಮೊದಲೇ ಹೇಳಿ. ಇಲ್ಲದಿದ್ದರೆ ಪ್ರಶ್ನೆ ಕೇಳಿ, ಯಾರೂ ಉತ್ತರಿಸುತ್ತಿಲ್ಲ ಎಂದು ಸುಮ್ನೆ ಬೇಜಾರು ಮಾಡಿಕೊಳ್ಳುತ್ತಾರೆ.

ನಾನು ಎಡವಿದ್ದು ಬೇರೆ ಕಡೆ. ರಿಹರ್ಸಲ್‌ನಲ್ಲಿ ಎಲ್ಲರೂ ಒಂದೇ ವೈಫೈನಲ್ಲಿದ್ದೆವು. ಕಾರ್ಯಕ್ರಮದ ದಿನ ಮುಖ್ಯ ಭಾಷಣಕಾರರು ಆಫೀಸಿನಿಂದ ಸೇರಿದರು. ಹೆಸರು ಕಾಣಿಸಿತು, ಮುಖವೂ ಇಲ್ಲ, ದನಿಯೂ ಇಲ್ಲ. ಲೈವ್ ವಿಡಿಯೊ ಸಾಮಾನ್ಯವಾಗಿ ಸಾಗುವ ಯುಡಿಪಿ ದಾರಿಯನ್ನು ಆ ಆಫೀಸಿನ ಫೈರ್‌ವಾಲ್ ತಡೆದಿತ್ತು. ಅಂಥ ಹೊತ್ತಲ್ಲಿ ವಿಡಿಯೊವನ್ನು ಬೇರೆ ದಾರಿಯಲ್ಲಿ ತಲುಪಿಸುವ ಟರ್ನ್ ಸರ್ವರನ್ನು ನಾನು ಹಾಕಿರಲಿಲ್ಲ. ಕೊನೆಗೆ ಅವರು ಫೋನ್‌ನಲ್ಲೇ ಮಾತಾಡಿದರು, ನಾನು ಮೈಕ್ ಮುಂದೆ ಸ್ಪೀಕರ್ ಹಿಡಿದು ಕೂತೆ. ಕೋಟರ್ನ್ ಎಂಬ ಟರ್ನ್ ಸರ್ವರ್ ಹಾಕಿ, 443ನೇ ಪೋರ್ಟ್‌ನಲ್ಲಿ ಟಿಎಲ್‌ಎಸ್ (ಎಚ್‌ಟಿಟಿಪಿಎಸ್ ಬಳಸುವ ಅದೇ ಗೂಢಲಿಪಿ) ಜೊತೆ ಓಡಿಸಿ. ಆಗ ಅದು ಮಾಮೂಲಿ ಎಚ್‌ಟಿಟಿಪಿಎಸ್‌ನಂತೆ ಕಾಣುವುದರಿಂದ ಫೈರ್‌ವಾಲ್ ಸಾಮಾನ್ಯವಾಗಿ ಬಿಡುತ್ತದೆ. ರಿಹರ್ಸಲ್‌ಗೆ ಒಬ್ಬರಾದರೂ ಮೊಬೈಲ್ ಡೇಟಾದಿಂದ, ಇನ್ನೊಬ್ಬರು ಆಫೀಸಿನಿಂದ ಸೇರಲಿ.