ಪ್ರತಿ ಭಾನುವಾರ ಆರಾಧನೆಗೆ ಹೋಗುತ್ತಿದ್ದರೂ ಸಭೆಯಲ್ಲಿ ಹೊರಗಿನವರಂತೆಯೇ ಉಳಿದಿದ್ದೇನೆ, ಏನು ಮಾಡಲಿ?

ಮಂಗಳೂರಿನ ಕಡೆಯಿಂದ ಬೆಂಗಳೂರಿಗೆ ಬಂದು ವರ್ಷವಾಯಿತು, ಇಲ್ಲಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಯೊಂದಕ್ಕೆ ತಪ್ಪದೆ ಹೋಗುತ್ತಿದ್ದೇನೆ, ಆದರೂ ಹಿಂದಿನ ಬೆಂಚಿನ ನೆಂಟನಂತೆಯೇ ಇದ್ದೇನೆ ಎಂದು ತಾವು ಬರೆದಿದ್ದೀರಿ. 1998ರಲ್ಲಿ ಬ್ಯಾಂಕಿನ ವರ್ಗಾವಣೆಯ ಮೇಲೆ ಉಡುಪಿಯಿಂದ ಬಂದ ನಾನೂ ಎರಡು ವರ್ಷ ಅದೇ ಬೆಂಚಿನಲ್ಲಿ ಕುಳಿತವನು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಕರಾವಳಿಗೆ ಬಂದು ಕಟ್ಟಿದ ಸಭೆಗಳ ಜರ್ಮನ್ ಧಾಟಿಗಳನ್ನು ಕೇಳುತ್ತಾ ಬೆಳೆದ ನನಗೆ, ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನ ಬೇರಿನಿಂದ ಬೆಳೆದ ಇಲ್ಲಿನ ಸಭೆಯಲ್ಲಿ ಪರಿಚಯದ ಸಂಗೀತಗಳೂ, ಅಂದರೆ ಆರಾಧನೆಯ ಹಾಡುಗಳೂ, ಬೇರೆ ರಾಗದಲ್ಲಿ ಕೇಳಿಬರುತ್ತಿದ್ದವು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಆಶೀರ್ವಚನ ಮುಗಿದೊಡನೆ ಸ್ಕೂಟರಿನ ಕಡೆಗೆ ನಡೆಯುತ್ತಿದ್ದೆ, ಯಾರೂ ಮಾತನಾಡಿಸಲಿಲ್ಲವೆಂದು ದಾರಿಯುದ್ದಕ್ಕೂ ದೂರುತ್ತಿದ್ದೆ.

ಮೊದಲು ಕಾಗದದ ಕೆಲಸ. ಊರಿನ ಸಭಾಪಾಲಕರಿಂದ ಸದಸ್ಯತ್ವ ವರ್ಗಾವಣೆಯ ಪತ್ರವನ್ನು ತರಿಸಿ ಇಲ್ಲಿನ ದಾಖಲೆಯಲ್ಲಿ ಹೆಸರು ಬರೆಸಿಕೊಳ್ಳಿರಿ, ತಿಂಗಳ ವಂತಿಗೆಯನ್ನು ಬಾಕಿಯಿಲ್ಲದಂತೆ ಕೊಡಿರಿ. ಅದು ಒಂದು ವಾರದ ಕೆಲಸ. ಅದರಿಂದ ಹೆಸರು ಪುಸ್ತಕಕ್ಕೆ ಸೇರುತ್ತದೆಯೇ ಹೊರತು ತಾವು ಸಭೆಗೆ ಸೇರಿದಂತಾಗುವುದಿಲ್ಲ.

ನನ್ನ ಪಾಲಿಗೆ ಬಾಗಿಲು ತೆರೆದದ್ದು ಒಬ್ಬ ಹಿರಿಯರ ಮೊಣಕಾಲು ನೋವಿನಿಂದ. ನಮ್ಮ ಬಡಾವಣೆಯ ಹನ್ನೊಂದು ಮನೆಗಳಿಗೆ ವಂತಿಗೆಯ ಲಕೋಟೆಗಳನ್ನು ಹಂಚಿ ಮರಳಿ ತರುತ್ತಿದ್ದ ಅವರು, ಮೆಟ್ಟಿಲು ಹತ್ತಲಾಗದೆ, ಆ ಕಟ್ಟನ್ನು ನನ್ನ ಕೈಗಿಟ್ಟು 'ಈ ತಿಂಗಳು ಮಾತ್ರ' ಎಂದರು. ಆ ಒಂದು ತಿಂಗಳು ಹದಿನಾಲ್ಕು ವರ್ಷವಾಯಿತು. ಕೊನೆಯ ಮನೆಯಲ್ಲಿ ಒಬ್ಬ ವಿಧವೆ ತಾಯಿ ಇದ್ದರು. ಲಕೋಟೆಯನ್ನು ಸಂಗೀತ ಪುಸ್ತಕದೊಳಗೆ ಒತ್ತಿಟ್ಟಿರುತ್ತಿದ್ದರು, ಒಳಗೆ ನೋಟಿನ ಜೊತೆಗೆ ಸುದ್ದಿಪತ್ರಿಕೆಯ ಚೂರಿನಲ್ಲಿ ಮಡಿಸಿದ ನಾಲ್ಕಾರು ನಾಣ್ಯಗಳು. ಒಂದು ತಿಂಗಳು ಲಕೋಟೆ ಖಾಲಿಯಾಗಿಯೇ ಬಂತು. ಅವರು ಏನೂ ಹೇಳಲಿಲ್ಲ, ಕಾಫಿ ಕೊಡುವಾಗ ಮಾತ್ರ 'ಇವತ್ತು ಹಾಲಿಲ್ಲಪ್ಪ' ಎಂದರು. ಮಗನ ಕೆಲಸ ಹೋಗಿ ಆರು ವಾರವಾಗಿತ್ತು. ಸಭಾಪಾಲಕರ ಕಿವಿಗೆ ಹಾಕಿದೆ. ಮುಂದಿನದನ್ನು ಅವರು ಯಾರಿಗೂ ತಿಳಿಯದಂತೆ ನೋಡಿಕೊಂಡರು.

ಇದೇನೂ ಹೊಸತಲ್ಲವೆಂದು ನನಗೆ ತಿಳಿದದ್ದು ಬಹಳ ತಡವಾಗಿ. ವೆಸ್ಲಿಯನ್ ಅಥವಾ ಮೆಥಡಿಸ್ಟ್ ಪಂಥದ ಮೂಲಪುರುಷರಾದ ಜಾನ್ ವೆಸ್ಲಿಯವರ ಬಳಗದಲ್ಲಿ 1742ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನ ಪ್ರಾರ್ಥನಾ ಮಂದಿರದ ಸಾಲ ತೀರಿಸುವುದಕ್ಕೆಂದು, ಸುಮಾರು ಹನ್ನೆರಡು ಜನರ ಒಂದೊಂದು ಗುಂಪು ಮಾಡಿ, ಪ್ರತಿಯೊಬ್ಬರಿಂದ ವಾರಕ್ಕೊಂದು ಪೆನ್ನಿ ಸಂಗ್ರಹಿಸಲು ಗುಂಪಿಗೊಬ್ಬ ಮುಂದಾಳನ್ನು ನೇಮಿಸಲಾಯಿತು. ಹಣಕ್ಕಾಗಿ ಮನೆಮನೆಗೆ ಹೋದವರು ಮನೆಯ ಕಷ್ಟವನ್ನೂ ಕುಡಿತವನ್ನೂ ಜಗಳವನ್ನೂ ಕಂಡು ಬಂದು ಹೇಳತೊಡಗಿದಾಗ, ಸಾಲದ ಲೆಕ್ಕಕ್ಕಿಂತ ಈ ಭೇಟಿಯೇ ಮುಖ್ಯವೆಂದು ವೆಸ್ಲಿಯವರಿಗೆ ಹೊಳೆಯಿತು. ಮೆಥಡಿಸ್ಟರ ಸಭಾಜೀವನ ಬೆಳೆದದ್ದು ಬಹುಮಟ್ಟಿಗೆ ಆ ಪೆನ್ನಿಯ ಬೆನ್ನು ಹತ್ತಿ.

ಆದುದರಿಂದ, ತಮ್ಮನ್ನು ಇತರರ ಮನೆಬಾಗಿಲಿಗೆ ಕರೆದೊಯ್ಯುವ ಕೆಲಸವನ್ನೇ ಕೇಳಿ ಪಡೆಯಿರಿ ಎನ್ನುತ್ತೇನೆ. ಗಾಯಕವೃಂದ, ಭಾನುವಾರ ಶಾಲೆ ಎಲ್ಲವೂ ಒಳ್ಳೆಯವೇ, ಆದರೆ ಅವು ದೇವಾಲಯದ ಕಾಂಪೌಂಡಿನೊಳಗೇ ಮುಗಿದುಹೋಗಬಹುದು. ಸಾವಿನ ಮನೆಯಲ್ಲಿ ಸಂಜೆ ಸಂಗೀತ ಹಾಡಲು ನಾಲ್ಕು ಜನ ಸೇರುವಲ್ಲಿ ಐದನೆಯವರಾಗಿ ಹೋಗಿರಿ. ರಾಗ ಬಾರದಿದ್ದರೂ ಅಲ್ಲಿ ಯಾರೂ ಗಮನಿಸುವುದಿಲ್ಲ. ಸುಗ್ಗಿಹಬ್ಬದಲ್ಲಿ ಸಭೆಗೆ ಕಾಣಿಕೆಯಾಗಿ ಬಂದ ವಸ್ತುಗಳ ಹರಾಜಿನಲ್ಲಿ ಒಮ್ಮೆಯಾದರೂ ಕೂಗಿರಿ. ನಾನು ಒಂಬೈನೂರು ರೂಪಾಯಿಗೆ ಹಿಡಿದ ಕುಂಬಳಕಾಯಿಯನ್ನು ರೂಢಿಯಂತೆ ಮರಳಿ ಹರಾಜಿಗೇ ಬಿಟ್ಟುಕೊಟ್ಟ ದಿನ, ಅದುವರೆಗೆ ತಲೆಯಾಡಿಸಿಯಷ್ಟೇ ಹೋಗುತ್ತಿದ್ದವರು ನನ್ನ ಊರು ಯಾವುದೆಂದು ಕೇಳಿದರು.

ಒಂದು ಎಚ್ಚರಿಕೆ, ಸ್ವಲ್ಪ ಕಹಿಯಾದದ್ದು. ಮೊದಲ ಮೂರು ವರ್ಷ ಸಭೆಯ ಸಮಿತಿಯ ಚುನಾವಣೆಗೆ ನಿಲ್ಲಬೇಡಿರಿ. ಹೊಸಬರು ಪ್ರಾಮಾಣಿಕರಾದಷ್ಟೂ ಎರಡು ಬಣಗಳೂ ಅವರನ್ನು ಎಳೆಯುತ್ತವೆ; ಎಳೆಸಿಕೊಂಡ ನಾನು ಎಂಟು ತಿಂಗಳು ಒಬ್ಬ ಸ್ನೇಹಿತರೊಂದಿಗೆ ಮಾತು ಬಿಟ್ಟಿದ್ದೆ. ನಮ್ಮ ಆರಾಧನಾಕ್ರಮದಲ್ಲಿ ಕರ್ತರ ಭೋಜನಕ್ಕೆ, ಅಂದರೆ ರೊಟ್ಟಿ ದ್ರಾಕ್ಷಾರಸಗಳ ಸಂಸ್ಕಾರಕ್ಕೆ, ಮೊದಲು ಒಬ್ಬರ ಕೈಗಳನ್ನು ಇನ್ನೊಬ್ಬರು ಹಿಡಿದು ಸಮಾಧಾನ ಹಂಚಿಕೊಳ್ಳುತ್ತಾರಲ್ಲವೇ, ಆ ಎಂಟು ತಿಂಗಳೂ ನಾನು ಬೇಕೆಂದೇ ಅವರಿಂದ ದೂರದ ಬೆಂಚಿನಲ್ಲಿ ಕುಳಿತೆ. ಕೊನೆಗೆ ಅವರೇ ಎದ್ದು ಬಂದು ಕೈ ಚಾಚಿದರು.

ತಮ್ಮ ಬಡಾವಣೆಯ ಹೊಣೆ ಹೊತ್ತ ಹಿರಿಯರು ಯಾರೆಂದು ಈ ಭಾನುವಾರವೇ ವಿಚಾರಿಸಿರಿ. ನಮ್ಮ ಸಭೆಯಲ್ಲಾದರೆ ಲಕೋಟೆಗಳನ್ನು ಕೊಡುವುದು ತಿಂಗಳ ಮೊದಲ ಭಾನುವಾರ. ಹಂಚುವವರು ಯಾವಾಗಲೂ ಒಬ್ಬಿಬ್ಬರು ಕಡಿಮೆಯೇ ಇರುತ್ತಾರೆ.